ನಾಲ್ಕು ಚಕ್ರ ಮಾರಲು ಹೋಗಿ

ಹಳೇ ಕಾರು ಕೊಳ್ಳುವ ಕಂಪನಿಯಿಂದ ಬಂದಿದ್ದ ಹುಡುಗ ನನ್ನ ಸ್ವಿಫ್ಟ್ ಕಾರನ್ನು ಮುಕ್ಕಾಲು ಗಂಟೆ ತಪಾಸಣೆ ಮಾಡಿದ. ಬಾನೆಟ್ ಎತ್ತಿದ. ಬಾಗಿಲಿನ ರಬ್ಬರ್ ಎಳೆದು ಒಳಗೆ ಇಣುಕಿದ. ಬಂಪರ್ ಮೇಲಿನ ಒಂದೊಂದು ಗೀರಿಗೂ ಫೋಟೋ ತೆಗೆದ. ಚಕ್ರದ ಹತ್ತಿರ ಬಂದಾಗ ಮಾತ್ರ ಟೈರ್ ಎಷ್ಟು ಸವೆದಿದೆ ಅಂತ ನೋಡಿ ಮುಂದೆ ಹೋದ.

ನಾನೇ ನಾಚಿಕೆ ಬಿಟ್ಟು ಕೇಳಿದೆ. "ಅಲಾಯ್ ಚಕ್ರ ಹಾಕ್ಸಿದೀನಲ್ಲ, ಅದಕ್ಕೇನಾದ್ರೂ ಜಾಸ್ತಿ ಸಿಗುತ್ತಾ?"

"ಕಂಪನಿ ಫಿಟಿಂಗ್ ಅಲ್ವಲ್ಲ ಸರ್. ಹೊರಗಡೆ ಹಾಕ್ಸಿರೋದಕ್ಕೆ ನಾವು ದುಡ್ಡು ಕಟ್ಟಲ್ಲ. ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ."

ಈ ಮಾತು ಚುಚ್ಚಿತು. 2016ರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದು, ಐದಾರು ಅಂಗಡಿ ಹತ್ತಿಳಿದು, 22,000 ರೂಪಾಯಿ ಎಣಿಸಿ ತಂದ ಚಕ್ರಗಳು ಅವು. ಟೈರಿನ ಖರ್ಚು ಬೇರೆ. ಎಂಟು ವರ್ಷ ಭಾನುವಾರ ಬೆಳಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿದು ಅವುಗಳ ಸಂದಿ ತಿಕ್ಕಿದ್ದೇನೆ. ಹಾಗಿದ್ದರೆ ಕಾರು ಒಂದು ಕಡೆ, ಚಕ್ರ ಒಂದು ಕಡೆ ಮಾರೋಣ ಅಂತ ಅಲ್ಲೇ ತೀರ್ಮಾನ ಮಾಡಿದೆ. ಹೆಂಡತಿ ಕಾಫಿ ಲೋಟ ತೆಗೆದುಕೊಂಡು ಹೋಗುತ್ತಾ, "ಸುಮ್ನೆ ಕಾರಿನ ಜೊತೆಗೇ ಬಿಟ್ಟುಬಿಡ್ರೀ" ಅಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಅಲಾಯ್ ಬಿಚ್ಚಿದರೆ ಕಾರಿಗೆ ಬೇರೆ ಚಕ್ರ ಬೇಕಲ್ಲ. ಕಂಪನಿ ಕೊಟ್ಟಿದ್ದ 14 ಇಂಚಿನ ಸ್ಟೀಲ್ ಡಿಸ್ಕ್‌ಗಳು ಗೋಣಿಚೀಲದಲ್ಲಿ ಅಟ್ಟ ಸೇರಿದ್ದವು. ಇಳಿಸಿ ನೋಡಿದರೆ ಅಂಚಿನಲ್ಲಿ ಸ್ವಲ್ಪ ತುಕ್ಕು, ಅಷ್ಟೇ. ಆದರೆ ಅದರಲ್ಲಿದ್ದ ಟೈರ್‌ಗಳ ಪಕ್ಕೆಯಲ್ಲಿ ಬರಗಾಲದ ಕೆರೆಯ ಹಾಗೆ ಬಿರುಕು. ಕಾರು 2014ರದ್ದು, ಟೈರೂ 2014ರದ್ದೇ. ಓಡದೆ ಮೂಲೆಯಲ್ಲಿ ಕೂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಹೊಸ ಕಾರು ತಂದ ಮಾರನೇ ದಿನವೇ ಅಗಲದ ಟೈರ್ ಹಾಕಿಸಿಕೊಳ್ಳುವವರು ಇದ್ದಾರಲ್ಲ, ನಾನೂ ಒಂದು ಕಾಲಕ್ಕೆ ಅದೇ ಜಾತಿ. ಅಂಥವರು ಬಿಚ್ಚಿ ಕೊಟ್ಟ ಹೊಸದರಂಥ ಟೈರ್‌ಗಳು ಟೈರ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. 165/80 ಆರ್14 ಅಳತೆಯವು ನಾಲ್ಕು, ಒಂದಕ್ಕೆ 2,200ರಂತೆ 8,800 ರೂಪಾಯಿ ಕೊಟ್ಟು ತಂದೆ. ಜೋಡಿಸುವುದು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಸೇರಿ ಇನ್ನೊಂದು ಸಾವಿರ. ಒಂದು ರೂಪಾಯಿ ಕೈಗೆ ಬರುವ ಮೊದಲೇ 9,800 ಹೊರಗೆ ಹೋಗಿತ್ತು. ಆ ಲೆಕ್ಕವನ್ನು ಆಗ ನಾನು ಯಾರಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ.

ಬಿಚ್ಚಿದ ಅಲಾಯ್‌ಗಳನ್ನು ಎರಡನೇ ಮಹಡಿಯ ಬಾಲ್ಕನಿಗೆ ಸಾಗಿಸುವುದರಲ್ಲಿ ಸೊಂಟ ಹಿಡಿಯಿತು. ಟೈರ್ ಸಮೇತ ಒಂದೊಂದು ಹದಿನೈದು ಕಿಲೋದ ಮೇಲೆಯೇ ಇದ್ದಿರಬೇಕು. ಶಾಂಪೂ ಹಾಕಿ ತೊಳೆದೆ. ಬಿಸಿಲು ಬೀಳುವ ಹೊತ್ತು ನೋಡಿ, ಮುಂಭಾಗ ಮಿರಿಮಿರಿ ಮಿಂಚುವಂತೆ ಎಂಟು ಫೋಟೋ ತೆಗೆದೆ. "15 ಇಂಚು ಅಲಾಯ್, ನಾಲ್ಕು, ಟೈರ್ ಸಮೇತ, ಸೂಪರ್ ಕಂಡೀಷನ್, 25,000" ಅಂತ ಹಳೇ ಸಾಮಾನು ಮಾರುವ ಆ್ಯಪ್‌ನಲ್ಲಿ ಹಾಕಿದೆ.

ಮೊದಲ ದಿನವೇ ಮೂವತ್ತು ಮೆಸೇಜ್. ಅದರಲ್ಲಿ ಇಪ್ಪತ್ತು "ಇದೆಯಾ?" ಇದೆ ಅಂದರೆ ಆ ಕಡೆಯಿಂದ ಉಸಿರಿಲ್ಲ. ಉಳಿದವು "ಲಾಸ್ಟ್ ಎಷ್ಟು?" ಹೆಸರಿಲ್ಲ, ನಮಸ್ಕಾರ ಇಲ್ಲ, ಯಾವ ಕಾರು ಅಂತ ಇಲ್ಲ. ಒಬ್ಬರು 5,000ಕ್ಕೆ ಕೊಡಿ ಅಂದರು. ಇನ್ನೊಬ್ಬರು ತಮ್ಮ ಹಳೇ ಮೊಬೈಲ್ ಕೊಡುತ್ತೇನೆ, ಅದಲುಬದಲು ಮಾಡೋಣ ಅಂದರು.

ಚೌಕಾಶಿಯನ್ನೇ ಮಾಡದ ಒಬ್ಬನೂ ಬಂದ. ಸೇನೆಯಲ್ಲಿದ್ದೇನೆ, ಈಗಷ್ಟೇ ಬೆಂಗಳೂರಿಗೆ ವರ್ಗವಾಗಿದೆ ಅಂತ ಹಿಂದಿಯಲ್ಲಿ ಬರೆದ. ಸಮವಸ್ತ್ರದಲ್ಲಿರುವ ಫೋಟೋ, ಗುರುತಿನ ಚೀಟಿ ಎಲ್ಲ ಕಳಿಸಿದ. 25,000 ಒಪ್ಪಿದೆ, ನಮ್ಮ ಹುಡುಗ ಗಾಡಿ ತಂದು ಒಯ್ಯುತ್ತಾನೆ, ದುಡ್ಡು ಈಗಲೇ ಹಾಕುತ್ತೇನೆ ಅಂದ. ನಾನು ಕೇಳಿದ್ದು ಒಂದೇ: ನಿಮ್ಮದು ಯಾವ ಕಾರು? ಅದಕ್ಕೆ ಉತ್ತರ ಬರಲಿಲ್ಲ. ಬಂದಿದ್ದು ಒಂದು ಕ್ಯೂಆರ್ ಕೋಡ್. ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮ್ಮ ಖಾತೆಗೆ ದುಡ್ಡು ಬೀಳುತ್ತದೆ.

ಚಕ್ರ ಕೊಳ್ಳುವವನು ಯಾವ ಕಾರಿಗೆ ಅಂತ ಹೇಳದಿದ್ದರೆ ಅವನಿಗೆ ಬೇಕಾಗಿರುವುದು ಚಕ್ರ ಅಲ್ಲ. ಇಷ್ಟು ಹೊಳೆಯಿತು. ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡಲಿಕ್ಕೆ, ಅಥವಾ ಖಾತೆಯಲ್ಲಿ ಎಷ್ಟಿದೆ ಅಂತ ನೋಡಲಿಕ್ಕೆ. ಪಡೆಯಲಿಕ್ಕೆ ಪಿನ್ ಬೇಕಾಗುವುದೇ ಇಲ್ಲ. ನಂಬರ್ ಬ್ಲಾಕ್ ಮಾಡಿದೆ. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. "ಇದೆಯಾ", "ಲಾಸ್ಟ್ ಎಷ್ಟು" ಓದಿ ಸುಸ್ತಾದವನಿಗೆ, ಸರಿ ತಗೋತೀನಿ ಅನ್ನುವ ಮಾತು ಅಮೃತದ ಹಾಗೆ ಕೇಳುತ್ತದೆ. ಮೋಸಗಾರರು ಹೊಂಚು ಹಾಕುವುದು ಆ ಗಳಿಗೆಗೇ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡ ಮಾಡಿದಷ್ಟೂ ಕಷ್ಟ.

ಎರಡನೇ ಶನಿವಾರ ನಿಜವಾದ ಗಿರಾಕಿ ಬಂದರು. ಯಲಹಂಕದಿಂದ ನಮ್ಮ ವಿಜಯನಗರದವರೆಗೆ, ಆ ಟ್ರಾಫಿಕ್‌ನಲ್ಲಿ, ಹಳೆಯ ಫೋರ್ಡ್ ಫಿಗೋದಲ್ಲಿ. ಚಕ್ರ ನೋಡಿ ಖುಷಿಪಟ್ಟರು. ಬೀದಿ ಕೊನೆಯ ಪಂಕ್ಚರ್ ಅಂಗಡಿಗೆ ಹೋಗಿ ಒಂದನ್ನು ಹಾಕಿ ನೋಡೋಣ ಅಂದೆವು. ಅಂಗಡಿಯಣ್ಣ ಜಾಕಿ ಕೊಟ್ಟು, ಚಕ್ರ ಬಿಚ್ಚಿ, ನನ್ನದನ್ನು ಎತ್ತಿ ಹಿಡಿದರು. ಕೂರಲಿಲ್ಲ. ತಿರುಗಿಸಿ ಹಿಡಿದರು. ಆಗಲೂ ಕೂರಲಿಲ್ಲ.

"ಸರ್, ಇದು ನೂರು. ಫೋರ್ಡ್‌ದು ನೂರೆಂಟು" ಅಂದರು.

"ನಾಲ್ಕು ಬೋಲ್ಟ್ ಅಲ್ವಾ, ಇದೂ ನಾಲ್ಕೇ ಅಲ್ವಾ?" ಅಂದರು ಗಿರಾಕಿ. ನನ್ನ ಬಾಯಲ್ಲೂ ಅದೇ ಪ್ರಶ್ನೆ ಇತ್ತು, ಅವರು ಮೊದಲು ಕೇಳಿ ನನ್ನ ಮಾನ ಉಳಿಸಿದರು.

ಎಂಟು ವರ್ಷ ಓಡಿಸಿದ ಚಕ್ರದ ಬಗ್ಗೆ ನನಗೆ ಬಣ್ಣ ಬಿಟ್ಟು ಏನೂ ಗೊತ್ತಿರಲಿಲ್ಲ. ಅಂಗಡಿಯಣ್ಣ ಟೇಪ್ ಹಿಡಿದು ತೋರಿಸಿದರು. ಬೋಲ್ಟ್ ತೂತುಗಳ ನಡುಮಧ್ಯದ ಮೂಲಕ ಒಂದು ವೃತ್ತ ಎಳೆದರೆ ಅದರ ಅಡ್ಡಗಲವೇ ಪಿಸಿಡಿ. ನಾಲ್ಕು ತೂತಿನ ಚಕ್ರವಾದರೆ ಅಳೆಯುವುದು ಸುಲಭ. ಒಂದು ತೂತಿನ ಎಡ ಅಂಚಿನಿಂದ ಸರಿಯಾಗಿ ಎದುರಿನ ತೂತಿನ ಎಡ ಅಂಚಿನವರೆಗೆ ಟೇಪ್ ಹಿಡಿದರಾಯಿತು. ಸ್ವಿಫ್ಟ್, ಡಿಜೈರ್, ಬಲೆನೊ, ಹ್ಯುಂಡೈ ಐ20, ಟೊಯೋಟಾ ಎಟಿಯೋಸ್, ಹೋಂಡಾ ಸಿಟಿ, ಇವಕ್ಕೆಲ್ಲ ನಾಲ್ಕು ತೂತು, 100 ಮಿ.ಮೀ. ಫಿಗೋಗೆ 108. ಫೋಕ್ಸ್‌ವ್ಯಾಗನ್ ಪೋಲೋಗೆ ಅದೇ 100, ಆದರೆ ತೂತು ಐದು. ಎಂಟು ಮಿ.ಮೀ. ಅಂದರೆ ಬೆರಳಿನ ಅರ್ಧ ಅಗಲ. ಅದಕ್ಕಾಗಿ ಆ ಮನುಷ್ಯ ಇಡೀ ಊರು ದಾಟಿ ಬಂದು ಬರಿಗೈಲಿ ವಾಪಸ್ ಹೋಗಬೇಕಾಯಿತು. ಪಾಪ, ಬೈಯಲಿಲ್ಲ. ಕಾಫಿ ಕುಡಿದು ಹೋದರು.

ಅವತ್ತು ಸಂಜೆ ಮೊದಲ ಸಲ ಚಕ್ರಗಳನ್ನು ಬೋರಲು ಹಾಕಿ ಹಿಂಭಾಗ ಓದಿದೆ. ಕಡ್ಡಿಯ ಹಿಂದೆ ಅಚ್ಚಿನಲ್ಲೇ ಎಲ್ಲ ಬರೆದಿತ್ತು. 15 ಇಂಟು 6.5 ಜೆ, ಅಂದರೆ 15 ಇಂಚು ಎತ್ತರ, ಆರೂವರೆ ಇಂಚು ಅಗಲ. ಇಟಿ 38, ಅಂದರೆ ಚಕ್ರವು ಹಬ್‌ಗೆ (ಕಾರಿನ ಕಡೆಯ ತಿರುಗುವ ಬಿಲ್ಲೆಗೆ) ಕೂರುವ ಮುಖ ರಿಮ್ಮಿನ ನಟ್ಟನಡುವಿನಿಂದ 38 ಮಿ.ಮೀ. ಹೊರಗಿದೆ. ಈ ಅಂಕಿ ಕಡಿಮೆಯಾದಷ್ಟೂ ಚಕ್ರ ಬಾಡಿಯಿಂದ ಹೊರಗೆ ಬರುತ್ತದೆ. ನಡುವಿನ ದೊಡ್ಡ ತೂತು 73.1 ಮಿ.ಮೀ. ಸ್ವಿಫ್ಟ್ ಹಬ್ಬಿನ ಅಳತೆ 54.1, ಆದ್ದರಿಂದ ನಡುವೆ ಪ್ಲಾಸ್ಟಿಕ್ ರಿಂಗ್ ಹಾಕಿ ಹೊಂದಿಸಿದ್ದರು. ಟೈರ್ ಮೇಲೆ 3520 ಅಂತ ನಾಲ್ಕಂಕಿ. 2020ರ ಮೂವತ್ತೈದನೇ ವಾರ ತಯಾರಾದದ್ದು ಅಂತ ಅರ್ಥ. ಕೊಳ್ಳುವವರಿಗೆ ಬೇಕಾದದ್ದೆಲ್ಲ ಹಿಂದೆ ಇತ್ತು, ನಾನು ಮುಂಭಾಗದ ಎಂಟು ಫೋಟೋ ಹಾಕಿ ಕೂತಿದ್ದೆ.

ಹಿಂಭಾಗದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಒಂದು ಚಕ್ರದ ಒಳ ಅಂಚಿನಲ್ಲಿ ಬೆರಳುದ್ದದ ಒರಟು ಗೆರೆ. ನೋಡಿದ ಕೂಡಲೇ ನೆನಪಾಯಿತು. 2019ರ ಮಳೆಗಾಲ, ರಾತ್ರಿ, ನೆಲಮಂಗಲ ದಾಟಿದ ಮೇಲೆ ನೀರು ತುಂಬಿದ ಗುಂಡಿ. ಢಬ್ ಅಂದಿತ್ತು. ಬೆಂಡ್ ತೆಗೆಸಿ, ಸೀಳಿದ ಜಾಗಕ್ಕೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ ಹಿಂದಿನ ಎಡಗಡೆಗೆ ಹಾಕಿಸಿದ್ದೆ. ಆಮೇಲೆ ಮರೆತೇಬಿಟ್ಟಿದ್ದೆ. ಆ ಚಕ್ರಕ್ಕೆ ಮಾತ್ರ ಪದೇ ಪದೇ ಗಾಳಿ ಹಿಡಿಸಬೇಕಾಗುತ್ತಿತ್ತು, ಅದಕ್ಕೂ ಕಾರಣ ಹುಡುಕಿರಲಿಲ್ಲ. ಸೋಪಿನ ನೀರು ಬಳಿದು ನೋಡಿದೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಗೆರೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು.

ಬೆಲೆ 18,000ಕ್ಕೆ ಇಳಿಸಿ, ಪಿಸಿಡಿ ಎಲ್ಲ ಸೇರಿಸಿ ಹೊಸದಾಗಿ ಬರೆದೆ. ವೆಲ್ಡಿಂಗ್ ವಿಷಯ ಬರೆಯಲಿಲ್ಲ. ಬಂದವರಿಗೆ ಎದುರಿಗೇ ಹೇಳಿದರಾಯಿತು ಅಂದುಕೊಂಡೆ. ಬರೆದರೆ ಯಾರೂ ಬರಲ್ಲ ಅನ್ನುವುದು ನಿಜವಾದ ಕಾರಣ.

ಮುಂದಿನ ಭಾನುವಾರ ಐ20 ಕಾರಿನ ಹುಡುಗ ಬಂದ. ಇಪ್ಪತ್ತೈದರ ವಯಸ್ಸು, ಗೆಳೆಯನೂ ಜೊತೆಗಿದ್ದ. ಪಿಸಿಡಿ ಸರಿ, ರಿಂಗೂ ಸರಿ, ಹ್ಯುಂಡೈ ಹಬ್ಬೂ 54.1. ಚಕ್ರ ಸಲೀಸಾಗಿ ಕೂತಿತು. ನಟ್ ಹಾಕುವಾಗ ತಕರಾರು. ನನ್ನ ನಟ್ ಎರಡು ಸುತ್ತು ಹೋಗಿ ಬಿಗಿಯಿತು. ಹುಡುಗ ಸ್ಪ್ಯಾನರ್ ಎತ್ತಿಕೊಂಡ.

"ಏಯ್, ಬೇಡಪ್ಪ, ಬೇಡ!" ಅಂಗಡಿಯಣ್ಣ ಕೈ ಹಿಡಿದರು. "ಮಾರುತಿ ಮರೆ ಬೇರೆ, ಹ್ಯುಂಡೈ ಮರೆ ಬೇರೆ. ಎಳೆದ್ರೆ ಸ್ಟಡ್ಡೇ ಹಾಳಾಗುತ್ತೆ."

ಎರಡರ ಸ್ಟಡ್ಡೂ, ಅಂದರೆ ಹಬ್ಬಿನಿಂದ ಹೊರಚಾಚಿದ ಬೋಲ್ಟೂ, 12 ಮಿ.ಮೀ. ದಪ್ಪವೇ. ಆದರೆ ಮರೆ, ಅಂದರೆ ಅದರ ಮೇಲಿನ ಸುರುಳಿ ಗೆರೆಗಳ ನಡುವಿನ ಅಂತರ, ಮಾರುತಿಯದು 1.25 ಮಿ.ಮೀ., ಹ್ಯುಂಡೈದು 1.5. ಕಣ್ಣಿಗೆ ಒಂದೇ ಥರ ಕಾಣುತ್ತದೆ. ಹದಿನಾರು ಹೊಸ ನಟ್ ತಂದರೆ ಮುಗಿಯಿತು, ಅದೇನು ದೊಡ್ಡ ಮಾತಲ್ಲ. ಹುಡುಗ 16,000ಕ್ಕೆ ಒಪ್ಪಿದ. ಫೋನ್ ತೆಗೆದ. ಆಗ ಹೇಳಿದೆ.

"ನೋಡಪ್ಪ, ಒಂದು ಮಾತು. ಇದೊಂದು ಚಕ್ರಕ್ಕೆ ಒಳಗಡೆ ವೆಲ್ಡಿಂಗ್ ಆಗಿದೆ."

ಅವನ ಮುಖ ನೋಡಬೇಕಿತ್ತು. ಬಗ್ಗಿ ನೋಡಿದ, ಬೆರಳಾಡಿಸಿದ. ಗೆಳೆಯ ಏನೋ ಕಿವಿಯಲ್ಲಿ ಹೇಳಿದ. "ಇದನ್ನ ಮೊದ್ಲೇ ಹಾಕಿದ್ರೆ ನಾವು ಬರ್ತಾನೇ ಇರ್ಲಿಲ್ಲ ಅಂಕಲ್" ಅಂದ. ಅದು ನೂರಕ್ಕೆ ನೂರು ನ್ಯಾಯ. ಅಂಕಲ್ ಅಂದಿದ್ದು ಮಾತ್ರ ಸ್ವಲ್ಪ ಜಾಸ್ತಿ ಆಯಿತು.

ಆಫೀಸಿನ ಗೆಳೆಯ ಬೈದ. ದುಡ್ಡು ಬೀಳುವ ಹೊತ್ತಲ್ಲಿ ಬಾಯಿ ಬಿಡುವುದು ಯಾಕೆ, ಐದು ವರ್ಷ ನೀನೇ ಓಡಿಸಿಲ್ವಾ, ಏನಾಯ್ತು ಅಂದ. ಏನೂ ಆಗಿರಲಿಲ್ಲ, ನಿಜ. ನಾನು ಗಂಟೆಗೆ ಎಂಬತ್ತರ ಮೇಲೆ ಹೋಗುವ ಪೈಕಿ ಅಲ್ಲ. ಆ ಹುಡುಗ ನೂರಿಪ್ಪತ್ತರ ಕೆಳಗೆ ಹೋಗುವ ಪೈಕಿ ಅಲ್ಲ ಅಂತ ಅವನು ಕಾರು ತಿರುಗಿಸಿದ್ದರಲ್ಲೇ ಗೊತ್ತಾಗಿತ್ತು.

ನಾಲ್ಕಿದ್ದರೆ ಸೆಟ್, ಮೂರಿದ್ದರೆ ಗುಜರಿ. ಈ ಲೆಕ್ಕ ಜೆ.ಸಿ. ರಸ್ತೆಯಲ್ಲಿ ಖಚಿತವಾಯಿತು. ಒಂದು ಅಂಗಡಿಯಲ್ಲಿ, ಹೊಸ ಸೆಟ್ ಕೊಂಡರೆ ಇದಕ್ಕೆ 6,000 ಹಿಡಿದುಕೊಳ್ಳುತ್ತೇವೆ, ಬರೀ ಮಾರುವುದಾದರೆ ಬೇಡ ಅಂದರು. ಇನ್ನೊಂದರಲ್ಲಿ ವೆಲ್ಡಿಂಗ್ ಕಂಡ ಕೂಡಲೇ ಕೈ ಒರೆಸಿಕೊಂಡರು. ಇದೇ ಡಿಸೈನಿನ ಬಿಡಿ ಚಕ್ರ ಒಂದು ಸಿಗುತ್ತದಾ ಅಂತ ಶಿವಾಜಿನಗರದ ಹಳೇ ಬಿಡಿಭಾಗದ ಅಂಗಡಿಗಳನ್ನೂ ಸುತ್ತಿದೆ. ಹೊರಗಿನ ಅಲಾಯ್‌ಗಳ ಡಿಸೈನ್ ಸೀರೆ ಅಂಚಿನ ಹಾಗೆ, ಒಂದೆರಡು ವರ್ಷ ಬರುತ್ತದೆ, ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಗುಜರಿಯವನು ಅಲ್ಯೂಮಿನಿಯಂ ಅಂತ ಕೆ.ಜಿ. ಲೆಕ್ಕಕ್ಕೆ ತಗೋತೀನಿ, ಟೈರ್ ನೀವೇ ಕಿತ್ತು ಕೊಡಿ ಅಂದ.

ಬೇಸರ ಬಂದು ಹೋಯಿತು. ಏನಾದರಾಗಲಿ ಅಂತ ಮೂರನೇ ಸಲ ಬರೆದೆ. ಈ ಸಲ ಮುಂಭಾಗದ ಫೋಟೋ ಒಂದೇ. ಉಳಿದದ್ದೆಲ್ಲ ಹಿಂಭಾಗ. ಅಚ್ಚಿನ ಅಕ್ಷರ, ಟೈರಿನ ನಾಲ್ಕಂಕಿ, ವೆಲ್ಡಿಂಗ್ ಗೆರೆ, ಸೋಪಿನ ಗುಳ್ಳೆಯ ಒಂದು ಚಿಕ್ಕ ವಿಡಿಯೋ. "ಮೂರು ಚೆನ್ನಾಗಿದೆ, ಒಂದು ಗಾಳಿ ಬಿಡುತ್ತದೆ. 14,000" ಅಂತ ಬರೆದೆ. ಮೂವತ್ತು ಮೆಸೇಜ್ ಬರುತ್ತಿದ್ದ ಕಡೆ ವಾರಕ್ಕೆ ಎರಡು ಬಂತು.

ಅದರಲ್ಲಿ ಒಂದು ತುಮಕೂರಿನ ಕಡೆಯವರದ್ದು. ಕನ್ನಡದಲ್ಲಿ, ಪೂರ್ತಿ ವಾಕ್ಯದಲ್ಲಿ ಬರೆದಿದ್ದರು. ನನ್ನದು ಡಿಜೈರ್ ಸರ್. ಕಡ್ಡಿ ಹಿಂದೆ ಇರೋ ಅಕ್ಷರ ಇನ್ನೂ ಸ್ವಲ್ಪ ಹತ್ತಿರದಿಂದ ಫೋಟೋ ಹಾಕ್ತೀರಾ? ಹಾಕಿದೆ. ಎರಡೇ ನಿಮಿಷದಲ್ಲಿ ಫೋನ್ ಬಂತು.

"ಸರ್, ನನ್ನ ಹತ್ರಾನೂ ಇದೇ ಇದೆ. ಎರಡು ಗುಂಡಿಗೆ ಬಿದ್ದು ಸೀಳೋಯ್ತು. ಒಂದು ವರ್ಷದಿಂದ ಹುಡುಕ್ತಾ ಇದೀನಿ. ಮುಂಭಾಗ ನೋಡಿ ಎರಡು ಸಲ ಮೋಸ ಹೋಗಿದೀನಿ, ಡಿಸೈನ್ ಒಂದೇ ಥರ ಇರುತ್ತೆ, ಅಳತೆ ಬೇರೆ ಇರುತ್ತೆ. ಇದು ಅದೇ ಅಚ್ಚು."

ಅವರಿಗೆ ಬೇಕಾಗಿದ್ದು ಎರಡು. ಮೂರನೆಯದು ಸ್ಟೆಪ್ನಿಗೆ ಆಗುತ್ತೆ ಅಂದರು. ನಾಲ್ಕನೆಯದು ಫ್ರೀ ಕೊಡುತ್ತೇನೆ ಅಂದೆ. "ಬೇಡ ಸರ್, ಅದನ್ನ ನೀವೇ ಇಟ್ಕೊಳ್ಳಿ" ಅಂತ ನಕ್ಕರು.

ಭಾನುವಾರ ಬೆಳಗ್ಗೆ ಏಳೂವರೆಗೇ ಬಂದರು. ಜೊತೆಗೆ ಅವರ ಮಾವ, ಟೈರ್ ಅಂಗಡಿ ಇಟ್ಟವರಂತೆ. ಮಾವ ಮಾತೇ ಆಡಲಿಲ್ಲ. ಮೂರೂ ಚಕ್ರಗಳನ್ನು ಪಂಕ್ಚರ್ ಅಂಗಡಿಯ ತೊಟ್ಟಿಯ ನೀರಿಗೆ ಒಂದೊಂದಾಗಿ ಅದ್ದಿಸಿದರು. ಬ್ಯಾಲೆನ್ಸಿಂಗ್ ಯಂತ್ರ ಇರುವ ಅಂಗಡಿಗೆ ಒಯ್ದು ತಿರುಗಿಸಿಸಿದರು. ತಿರುಗುವಾಗ ಅಂಚಿನ ಪಕ್ಕ ಬೆರಳು ಹಿಡಿದು, ಅಲ್ಲಾಡುತ್ತದಾ ಅಂತ ಕಣ್ಣು ಕಿರಿದು ಮಾಡಿ ನೋಡಿದರು. ಟೈರಿನ ಗೆರೆಗಳ ಸಂದಿಯಲ್ಲಿ ಬೆರಳಾಡಿಸಿ "ಇನ್ನ ಎರಡು ವರ್ಷ ಓಡ್ತದೆ" ಅಂದರು. ಅವತ್ತು ಅವರು ಆಡಿದ ಮೊದಲ ಮಾತು ಅದು.

ನಾನು ಒಂದಕ್ಕೆ 4,000 ಅಂದೆ. ಅಳಿಯ ಮಾವನ ಮುಖ ನೋಡಿದರು. ಮಾವ ಆಕಾಶ ನೋಡಿದರು. "ಮೂರು ಸಾವಿರ ಮಾಡ್ಕೊಳ್ಳಿ ಸರ್" ಅಂದರು ಅಳಿಯ. ಮೂರೂವರೆಗೆ ನಿಂತಿತು. ಮೂರಕ್ಕೆ 10,500. ನಟ್‌ಗಳನ್ನೂ ರಿಂಗ್‌ಗಳನ್ನೂ ಸುಮ್ನೆ ಕೊಟ್ಟೆ. ಮಾವ ಸೊಂಟದ ಬೆಲ್ಟಿನ ಚೀಲದಿಂದ ನೋಟು ತೆಗೆದು, ಎರಡು ಸಲ ಎಣಿಸಿ, ಬಲಗೈಯಲ್ಲಿ ಕೊಟ್ಟರು. ಡಿಜೈರ್ ಡಿಕ್ಕಿಯಲ್ಲಿ ಎರಡು, ಹಿಂದಿನ ಸೀಟಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಒಂದು. ಹೊರಡುವಾಗ ಅಳಿಯ ಸೀಟ್ ಬೆಲ್ಟ್ ಎಳೆದು ಆ ಚಕ್ರಕ್ಕೂ ಕಟ್ಟಿದರು.

ಮೇಲೆ ಬಂದು ಹೆಂಡತಿಯ ಕೈಗೆ ದುಡ್ಡು ಕೊಟ್ಟೆ. ಅವಳು ಲೆಕ್ಕದಲ್ಲಿ ನನಗಿಂತ ಚುರುಕು.

"ಟೈರಿಗೆ ಎಷ್ಟು ಕೊಟ್ರಿ?"

"ಎಂಟು ಸಾವಿರದ ಎಂಟುನೂರು."

"ಜೋಡಿಸೋಕೆ?"

"ಒಂದು ಸಾವಿರ."

"ಅಂದ್ರೆ ಐದು ವಾರ ಓಡಾಡಿ ಏಳುನೂರು ರೂಪಾಯಿ ದುಡಿದ್ರಿ."

ಯಲಹಂಕದವರಿಗೆ ಮಾಡಿದ ಕಾಫಿ, ನನ್ನ ಸೊಂಟಕ್ಕೆ ತಂದ ಮುಲಾಮು, ಶಿವಾಜಿನಗರದ ಆಟೋ, ಇವನ್ನು ಅವಳು ಹಿಡಿಯಲಿಲ್ಲ. ನಾನೂ ನೆನಪಿಸಲಿಲ್ಲ. ಕಾರು ಮಾರನೇ ವಾರ ಸ್ಟೀಲ್ ಡಿಸ್ಕ್ ಹಾಕಿಕೊಂಡು ಹೋಯಿತು. ಕಂಪನಿಯ ಹುಡುಗ ಹೇಳಿದ್ದ ಬೆಲೆಯೇ ಬಂತು, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ನಾಲ್ಕನೇ ಚಕ್ರ ಈಗ ತಾರಸಿಯಲ್ಲಿದೆ. ನಡುವಿನ 73.1ರ ತೂತಿಗೆ ಬಟ್ಟೆ ಒಣಹಾಕುವ ಹಗ್ಗದ ಕಂಬ ನಿಲ್ಲಿಸಿದ್ದೇವೆ. ಸ್ವಲ್ಪ ಸಡಿಲ ಇತ್ತು, ಹಳೇ ಸೈಕಲ್ ಟ್ಯೂಬ್ ಸುತ್ತಿ ಹೊಂದಿಸಿದೆ. ಹೋದ ತಿಂಗಳ ಗಾಳಿ ಮಳೆಗೆ ಪಕ್ಕದ ಮನೆಯವರ ಕಂಬ ಬಿತ್ತು, ನಮ್ಮದು ಅಲ್ಲಾಡಲಿಲ್ಲ.